ಪಾಂಡಿಚೇರಿಯ ಹಡಗು, ಊಟ ಕೊಟ್ಟ ರಂಗಿನುಯಿ

ನ್ಯೂಜಿಲೆಂಡ್‌ಗೆ ಮೊದಮೊದಲು ಬಂದ ಯುರೋಪಿನವರು ಯಾರು ಅಂದ್ರೆ 1642ರ ಟಾಸ್ಮನ್, 1769ರ ಕುಕ್ ಅಂತೀವಿ. ಆದರೆ ಕುಕ್ ಬಂದ ವರ್ಷವೇ ನಮ್ಮ ಪಾಂಡಿಚೇರಿಯಿಂದ ಹೊರಟ ಫ್ರೆಂಚ್ ಹಡಗೊಂದು ಅಲ್ಲಿಗೆ ತಲುಪಿತ್ತು. ಹೆಸರು ಸ್ಯಾಂ ಜಾನ್ ಬತೀಸ್ತ್, ಕ್ಯಾಪ್ಟನ್ ದ ಸುರ್ವಿಲ್. ಅದರಲ್ಲಿ ಭಾರತದ ನಾವಿಕರೂ ಇದ್ದರು.

ಡಿಸೆಂಬರ್‌ನಲ್ಲಿ ಉತ್ತರದ ಡೌಟ್‌ಲೆಸ್ ಕೊಲ್ಲಿ ಸೇರುವಷ್ಟರಲ್ಲಿ ಸ್ಕರ್ವಿ ರೋಗಕ್ಕೆ ಹತ್ತಾರು ಜನ ಸತ್ತಿದ್ದರು. ತಿಂಗಳುಗಟ್ಟಲೆ ಹಣ್ಣು, ತರಕಾರಿ ಇಲ್ಲದೆ ವಿಟಮಿನ್ ಸಿ ಕಡಿಮೆಯಾದರೆ ಬರುವ ಕಾಯಿಲೆ ಇದು. ಅಲ್ಲಿನ ಮಾವೋರಿ ಜನ ನೀರು, ಸೊಪ್ಪು, ಮೀನು ಕೊಟ್ಟರು. ಬಿರುಗಾಳಿ ಎದ್ದು ಕೆಲವು ರೋಗಿಗಳು ಹಡಗಿಗೆ ಮರಳಲಾಗದೆ ದಡದಲ್ಲೇ ಉಳಿದಾಗ, ರಂಗಿನುಯಿ ಎಂಬ ಮುಖಂಡ ಅವರಿಗೆ ಊಟ ಕೊಟ್ಟ.

ಅದೇ ಗಾಳಿಗೆ ಹಡಗಿನ ಚಿಕ್ಕ ದೋಣಿಯೊಂದು ಕೊಚ್ಚಿಹೋಗಿ ದಡ ಸೇರಿತು. ದಡಕ್ಕೆ ಬಂದದ್ದು ದಡದವರಿಗೆ ಅನ್ನೋದು ಮಾವೋರಿ ರೂಢಿ. ಸುರ್ವಿಲ್ ಕಣ್ಣಿಗೆ ಅದು ಕಳ್ಳತನ. ಅವನು ಗುಡಿಸಲುಗಳನ್ನು ಸುಡಿಸಿ, ಕೈಗೆ ಸಿಕ್ಕ ಒಬ್ಬನನ್ನು ಹಿಡಿದು ತಂದ. ರೋಗಿಗಳಿಗೆ ಊಟ ಕೊಟ್ಟವನು ಇವನೇ ಅಂತ ಹಡಗಿನ ವೈದ್ಯ ಗುರುತಿಸಿದ. ಆದರೂ ಬಿಡಲಿಲ್ಲ.

1770ರ ಮಾರ್ಚ್‌ನಲ್ಲಿ, ಊರಿಂದ ಸಾವಿರಾರು ಮೈಲಿ ದೂರದ ಸಮುದ್ರದಲ್ಲಿ, ರಂಗಿನುಯಿ ಅದೇ ಸ್ಕರ್ವಿಯಿಂದ ಸತ್ತ. ಮರುತಿಂಗಳು ಪೆರು ತೀರದಲ್ಲಿ ಸುರ್ವಿಲ್ ಮುಳುಗಿ ಸತ್ತ.

ಆ ಬಿರುಗಾಳಿಯಲ್ಲಿ ಕಳೆದುಹೋದ ಹಡಗಿನ ಲಂಗರುಗಳು 1974ರಲ್ಲಿ ಸಿಕ್ಕವು. ಒಂದು ವೆಲಿಂಗ್ಟನ್‌ನ ಟೆ ಪಾಪಾ ಮ್ಯೂಸಿಯಂನಲ್ಲಿದೆ. ಆ ಕಡೆ ಹೋದರೆ ನೋಡಿ ಬನ್ನಿ. ಸುರ್ವಿಲ್ ಜೊತೆ ರಂಗಿನುಯಿಯನ್ನೂ ನೆನೆಸಿಕೊಳ್ಳಿ.