ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ!

ನಂಜನಗೂಡಿನಲ್ಲಿ ಬಸ್ಸು ಹತ್ತಿದ್ದೀರಿ, ತಿ. ನರಸೀಪುರಕ್ಕೆ ಹೋಗಬೇಕು. ಸೋಮವಾರ ಬೇರೆ, ಶ್ರೀಕಂಠೇಶ್ವರನ ದರ್ಶನ ಮುಗಿಸಿ ಬಂದವರ ನೂಕುನುಗ್ಗಲು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲಂತೂ ಬಸ್ಸಿನ ತುಂಬ ನಮ್ಮವರೇ. ಮೂವರು ಕೂರುವ ಸೀಟಿನಲ್ಲಿ ಹೇಗೋ ಮೂರನೆಯವರಾಗಿ ಕುಳಿತು ಉಸ್ಸಪ್ಪಾ ಎನ್ನುವಷ್ಟರಲ್ಲಿ ತಲೆಯ ಮೇಲಿಂದ ದನಿ: "ಅಕ್ಕಾ, ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ!"

ಸರಿಯಲು ಜಾಗವೇ ಇಲ್ಲ, ಆದರೂ ನೀವು ಸರಿಯುತ್ತೀರಿ. ನಾಲ್ಕನೆಯವರು ಕೂತೇ ಬಿಡುತ್ತಾರೆ. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಈ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆ ನೋಡಿ!

ಒಂದೇ ಮಾತು, ಹತ್ತು ವೇಷ

ಒಂದು ದಿನ ಈ ಪದದ ಹಿಂದೆಯೇ ನಡೆದು ನೋಡಿ, ತಮಾಷೆಯಾಗಿರುತ್ತದೆ. ತಿಂಗಳ ಕೊನೆಯಲ್ಲಿ ಪಕ್ಕದ ಮನೆಯಾಕೆ ಬಂದು "ಒಂದೈನೂರು ಅಡ್ಜಸ್ಟ್ ಮಾಡ್ತೀರಾ?" ಎಂದರೆ ಅದು ಸಾಲ. ಊಟದ ಹೊತ್ತಿಗೆ ನೆಂಟರು ಬಂದಿಳಿದಾಗ "ಇರೋ ಸಾರನ್ನೇ ಅಡ್ಜಸ್ಟ್ ಮಾಡು" ಎಂದರೆ ಇನ್ನೊಂದು ಚೊಂಬು ನೀರು, ಒಂದು ಚಿಟಿಕೆ ಉಪ್ಪು. ಬಾಡಿಗೆ ಮನೆ ಬಿಡುವಾಗ "ಕೊನೇ ತಿಂಗಳದ್ದು ಅಡ್ವಾನ್ಸ್‌ನಲ್ಲಿ ಅಡ್ಜಸ್ಟ್ ಆಗುತ್ತೆ" ಎಂದರೆ ಲೆಕ್ಕ ಚುಕ್ತಾ. ಕಚೇರಿಯ ಮೇಜಿನಾಚೆಯಿಂದ ತಗ್ಗಿದ ದನಿಯಲ್ಲಿ ಬಂದರೆ ಅದರ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು! ಇನ್ನು 'ಅಡ್ಜಸ್ಟ್‌ಮೆಂಟ್ ರಾಜಕಾರಣ'ವನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೀರಿ.

ಕನ್ನಡದಲ್ಲಿ ಇದಕ್ಕೆ ಪದವಿಲ್ಲವೆಂದೇನೂ ಅಲ್ಲ. ಬಸ್ಸಿನಲ್ಲಿ ಒತ್ತರಿಸಿಕೊಳ್ಳುತ್ತೇವೆ, ಖರ್ಚನ್ನು ಸರಿದೂಗಿಸುತ್ತೇವೆ, ನೆಂಟರನ್ನು ಸುಧಾರಿಸುತ್ತೇವೆ, ಹೊಸ ಊರಿಗೆ ಹೊಂದಿಕೊಳ್ಳುತ್ತೇವೆ, ಕಷ್ಟವನ್ನು ಸಹಿಸಿಕೊಳ್ಳುತ್ತೇವೆ. ಕನ್ನಡದಲ್ಲಿ ಹೇಳಿದರೆ ಎಲ್ಲಿ ಸರಿಯಬೇಕು, ಎಲ್ಲಿ ಸಹಿಸಬೇಕು ಎನ್ನುವುದು ಬೇರೆಬೇರೆಯಾಗಿ ಕಾಣುತ್ತದೆ. 'ಅಡ್ಜಸ್ಟ್' ಎಂದೊಡನೆ ಎಲ್ಲವೂ ಒಂದೇ ಚೀಲದೊಳಕ್ಕೆ! ಸಹಿಸು ಎನ್ನಲು ನಾಚುವವರೂ ಅಡ್ಜಸ್ಟ್ ಮಾಡ್ಕೋ ಎಂದು ಧಾರಾಳವಾಗಿ ಹೇಳಿಬಿಡುತ್ತಾರೆ.

ಪದದ ಮೂಲ ಮಾತ್ರ ಚೆನ್ನಾಗಿದೆ. ಅದು ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದದ್ದು. ಅದರ ಹಿಂದಿರುವುದು ಲ್ಯಾಟಿನ್ನಿನ 'ಯುಕ್ಸ್‌ಟಾ', ಅಂದರೆ 'ಹತ್ತಿರ'. ಹತ್ತಿರಕ್ಕೆ ತರುವುದೇ ಅಡ್ಜಸ್ಟ್! ಬರುವ ದಾರಿಯಲ್ಲಿ ನ್ಯಾಯ ಎಂಬ ಅರ್ಥದ 'ಜಸ್ಟ್' ಪದದ ನೆರಳೂ ಅದರ ಮೇಲೆ ಬಿತ್ತು. ಹತ್ತಿರ ತರಬೇಕು, ನ್ಯಾಯವಾಗಿಯೂ ಇರಬೇಕು. ನಮ್ಮ ಮನೆಗಳಲ್ಲಿ ಹಾಗಿದೆಯೇ?

ಗುಟ್ಟಿರುವುದು ಬಾಲದಲ್ಲಿ

ನಾವು ಈ ಪದಕ್ಕೆ ಕನ್ನಡದ ಬಾಲ ಅಂಟಿಸುತ್ತೇವಲ್ಲ, ಅಲ್ಲಿದೆ ನೋಡಿ ಗುಟ್ಟು. ಗಡಿಯಾರವನ್ನು ಅಡ್ಜಸ್ಟ್ 'ಮಾಡು'ತ್ತೇವೆ. ಅಡ್ವಾನ್ಸು ಅಡ್ಜಸ್ಟ್ 'ಆಗು'ತ್ತದೆ. ಆದರೆ ಹೆಣ್ಣುಮಕ್ಕಳಿಗೆ ಹೇಳುವುದು ಅಡ್ಜಸ್ಟ್ 'ಮಾಡ್ಕೋ'. ಭಾರವೆಲ್ಲ ಆ 'ಕೋ' ಎಂಬಲ್ಲಿದೆ. ಬಸ್ಸಿನಲ್ಲಿ ಎಲ್ಲರಿಗೂ ಹೇಳುತ್ತಾರೆ, ಊರು ಬಂದರೆ ಮುಗಿಯಿತು. ಮನೆಯಲ್ಲಿ ಒಬ್ಬಳಿಗೇ ಹೇಳುತ್ತಾರೆ, ಊರು ಬರುವುದೇ ಇಲ್ಲ. ಅಡ್ವಾನ್ಸ್ ಹಣವಾದರೆ ಕೊಟ್ಟದ್ದು ಲೆಕ್ಕಕ್ಕೆ ಬರುತ್ತದೆ. ಗೃಹಿಣಿ ಕೊಟ್ಟದ್ದನ್ನು ಯಾರು ಬರೆದಿಡುತ್ತಾರೆ?

ದರ್ಜಿಯವರನ್ನು ಕೇಳಿ. ರವಿಕೆಯ ಬಗಲಲ್ಲಿ ಎರಡು ಹೊಲಿಗೆ ಬಿಟ್ಟು ಕೊಡುತ್ತಾರೆ, ಮುಂದೆ ಮೈ ಬಂದಾಗ ಬಿಚ್ಚಿಕೊಳ್ಳಲೆಂದು. ಎರಡೂ ಬಿಚ್ಚಿ ಆದ ಮೇಲೆ? ಆಮೇಲೆ ಎಳೆದರೆ ಹರಿಯುವುದೇ.

ನಾನೂ ಹೇಳಿದ್ದೆ

ನನ್ನ ತವರು ನಂಜನಗೂಡು, ಸೇರಿದ್ದು ತಿ. ನರಸೀಪುರ. ಕಪಿಲೆಯ ದಾರಿಯೂ ಇದೇ. "ಕಪಿಲೆ ಕಾವೇರಿಗೆ ಸೇರಿದ ಹಾಗೆ ಸೇರ್ಕೊಂಡು ಹೋಗಮ್ಮ" ಎಂದೇ ಹಿರಿಯರು ನನ್ನನ್ನು ಕಳಿಸಿಕೊಟ್ಟಿದ್ದರು. ಸಂಗಮದ ಆಚೆ ಕಪಿಲೆಯ ಹೆಸರು ಉಳಿಯುವುದಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಅದೇ ಮಾತನ್ನು ನಾನೂ ದಾಟಿಸಿದೆ. ನಂಜನಗೂಡಿನಲ್ಲೇ ಇರುವ ತಂಗಿಯ ಮಗಳು ಬಿ.ಎಡ್. ಓದಿದವಳು. ಒಂದು ಸಂಜೆ ಫೋನು ಮಾಡಿ, ಹತ್ತಿರದ ಶಾಲೆಯೊಂದರಲ್ಲಿ ಕೆಲಸ ಸಿಗುವ ಹಾಗಿದೆ, ಬೆಳಗಿನ ಕೆಲಸ ಯಾರು ಮಾಡುತ್ತಾರೆಂದು ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ ಎಂದಳು. ನನ್ನ ಒಲೆಯ ಮೇಲೆ ಹಾಲಿತ್ತು. "ಮಗು ಚಿಕ್ಕದು, ಈಗ ಅಡ್ಜಸ್ಟ್ ಮಾಡ್ಕೋ" ಎಂದೆ. "ಸರಿ ದೊಡ್ಡಮ್ಮ" ಎಂದು ಫೋನು ಇಟ್ಟಳು. ಹಾಲು ಉಕ್ಕಲಿಲ್ಲ. ಆ 'ಸರಿ' ಮಾತ್ರ ರಾತ್ರಿಯೆಲ್ಲ ಕಿವಿಯಲ್ಲಿತ್ತು.

ದೊಡ್ಡ ಜಾತ್ರೆಗೆ ಹೋದಾಗ ಎಲ್ಲರನ್ನೂ ಕೂರಿಸಿ ಮಾತಾಡಿದೆ. ಅಷ್ಟೇನೂ ಕಷ್ಟವಾಗಲಿಲ್ಲ ಎನ್ನುವುದೇ ಬೇಸರ. ಬೆಳಗಿನ ತಿಂಡಿ ತನಗಿರಲಿ ಎಂದು ಅವಳ ಅತ್ತೆ ಒಪ್ಪಿದರು; ಮಗುವನ್ನು ಎಬ್ಬಿಸಿ ಸ್ನಾನ ಮಾಡಿಸುವುದು ಗಂಡನ ಪಾಲಿಗೆ. ಆದರೆ ಅಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಅವಳು ಈಗ ಇನ್ನೊಂದು ಅವಕಾಶ ಕಾಯುತ್ತಿದ್ದಾಳೆ. ನನ್ನ ಒಂದು ಮಾತಿನ ಬೆಲೆ ಅವಳಿಗೆ ಒಂದು ವರ್ಷ.

ಮೂರು ಪ್ರಶ್ನೆ

ಅಂದಿನಿಂದ ಆ ಪದ ಬಾಯಿಗೆ ಬಂದಾಗೆಲ್ಲ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನೀವೂ ಕೇಳಿ ನೋಡಿ. ಯಾರು ಯಾರು ಸರಿಯುತ್ತಿದ್ದಾರೆ, ಒಬ್ಬರೇ ತಾನೆ? ಎಷ್ಟು ದಿನಕ್ಕೆ? ಮುಂದಿನ ಸಲ ಯಾರ ಸರದಿ?

ಇನ್ನೊಂದು ಮಾತು, ಇದರಲ್ಲಿ ತಮಾಷೆಯಿಲ್ಲ. ಹೊಡೆತ, ಬೈಗುಳ, ತವರಿನಿಂದ ಹಣ ತಾ ಎಂಬ ಕಾಟ, ಖರ್ಚಿಗೆ ಕಾಸು ಕೊಡದೆ ಸತಾಯಿಸುವುದು, ಇವಕ್ಕೆ ಅಡ್ಜಸ್ಟ್ ಎಂಬ ಪದ ಸಲ್ಲದು. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಲ್ಲಿ ಇವೆಲ್ಲವೂ ಹಿಂಸೆಯೇ. ಅಂಥ ಹೊತ್ತಿನಲ್ಲಿ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ನೆರೆಮನೆಯಾಕೆಗೂ ಆ ಸಂಖ್ಯೆ ತಿಳಿಸಿಡಿ.

ಮೊನ್ನೆ ಅದೇ ಬಸ್ಸಿನಲ್ಲಿ ಮತ್ತೆ ಬಂದೆ. "ಅಕ್ಕಾ, ಒಂಚೂರು..." ಎಂದಿತು ಒಂದು ದನಿ. ನಾನು ಸರಿದೆ, ಕಿಟಕಿಯಾಕೆ ಸರಿದಳು, ನಡುವಿನಾಕೆ ಮಗುವನ್ನು ತೊಡೆಗೆ ಎಳೆದುಕೊಂಡಳು. ಬಂದಾಕೆಯೂ ತನ್ನ ದೊಡ್ಡ ಚೀಲವನ್ನು ಮಡಿಲಿಗೇರಿಸಿಕೊಂಡು ಅರ್ಧ ಸೀಟಿನಲ್ಲಿ ಕುಳಿತಳು. ನರಸೀಪುರ ಬರುವಷ್ಟರಲ್ಲಿ ನಾಲ್ವರಿಗೂ ಒಬ್ಬರ ಮನೆಯ ಸುದ್ದಿ ಒಬ್ಬರಿಗೆ ಗೊತ್ತಾಗಿತ್ತು!

ನಿಮ್ಮ ಮನೆಯಲ್ಲಿ ಹೇಗೆ? ಎಲ್ಲರೂ ಸರಿಯುತ್ತಾರೋ, ನೀವೊಬ್ಬರೇ ಸೀಟಿನ ತುದಿಗೆ ಬಂದಿದ್ದೀರೋ?