ಬಲೆಗೆ ಕಸಬರಿಗೆ ಸಾಕು, ವಿಷ ಬೇಡ

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣೆಯ ದಂಡೆಯ ಊರು. ನೀಲಾಂಬಿಕೆಯ ಐಕ್ಯಸ್ಥಳವೆಂದು ಹೆಸರಾಗಿದೆ. ಇಲ್ಲಿಯೂ ಸುತ್ತಲಿನ ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಸೀಮೆಯಲ್ಲಿಯೂ ಮನುಷ್ಯರು, ಸಾಕುಪ್ರಾಣಿಗಳು ಒಂದೇ ಸೂರಿನಡಿ ಬಾಳುವುದು ಹಳೆಯ ರೂಢಿ. ಬಾಗಿಲಲ್ಲಿ ನಾಯಿ, ಒಲೆಯ ಬಳಿ ಬೆಕ್ಕು, ಪಕ್ಕದಲ್ಲೇ ಎಮ್ಮೆ, ಆಡು, ಕೋಳಿ. ಕಲ್ಲುಗೋಡೆಯ ಸಂದು, ಮಾಳಿಗೆಯ ಜಂತಿ, ಹಿತ್ತಲಿನ ಕಣಿಕೆ ಬಣವೆ, ಕಟ್ಟಿಗೆಯ ರಾಶಿ ಇರುವಲ್ಲಿ ಜೇಡ ಇದ್ದೇ ಇರುತ್ತದೆ. ಅಂಗೈಯಗಲದ ಜೇಡವೊಂದು ಗೋಡೆಯ ಮೇಲೆ ಕಂಡರೆ ಸಾಕು, ತೊಗರಿಗೆಂದು ತಂದ ಎಣ್ಣೆಯನ್ನೇ ಮನೆಯೊಳಗೆ ಹೊಡೆದುಬಿಡೋಣ ಎನ್ನಿಸುವುದು ಸಹಜ. ಆದರೆ ಸಾಕುಪ್ರಾಣಿ ಇರುವ ಮನೆಯಲ್ಲಿ ಜೇಡದಿಂದ ಆಗಬಹುದಾದ ಕೇಡಿಗಿಂತ ಆ ವಿಷದಿಂದ ಆಗುವ ಕೇಡೇ ದೊಡ್ಡದು. ಮೇಲಾಗಿ, ನಿಜಕ್ಕೂ ಹೆದರಬೇಕಾದ ಚೇಳು ಈ ಗಾಬರಿಯಲ್ಲಿ ಮರೆತೇ ಹೋಗುತ್ತದೆ.

ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ಜೇಡಗಳು 50,000 ಜಾತಿಗೂ ಹೆಚ್ಚು. ಬಹುತೇಕ ಎಲ್ಲಕ್ಕೂ ವಿಷವಿದೆ, ಆದರೆ ಅದು ಹುಳಹುಪ್ಪಟೆಯನ್ನು ಕೆಡವುವುದಕ್ಕೆ ಬೇಕಾದಷ್ಟು ಮಾತ್ರ. ಮನುಷ್ಯನಿಗೆ ಅಪಾಯ ತರಬಲ್ಲವು ಬೆರಳೆಣಿಕೆಯ ಗುಂಪುಗಳು. ನಮ್ಮ ಗೋಡೆಗಳ ಮೇಲೆ ಓಡಾಡುವ ದೊಡ್ಡ ಕಂದು ಜೇಡವನ್ನೇ ನೋಡಿ. ಮೈ ಚಪ್ಪಟೆ, ಕಾಲುಗಳು ಏಡಿಯಂತೆ ಪಕ್ಕಕ್ಕೆ ಚಾಚಿರುತ್ತವೆ. ಹೆಣ್ಣಾದರೆ ಎದೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹೊತ್ತುಕೊಂಡಿರುತ್ತದೆ. ಇದು ಬಲೆ ಕಟ್ಟುವುದಿಲ್ಲ, ರಾತ್ರಿಯೆಲ್ಲ ಜಿರಲೆ ಬೇಟೆಯಾಡುತ್ತದೆ. ಹಿಡಿದರೆ ಕಚ್ಚೀತು, ಒಂದಿಷ್ಟು ನೋವು, ಬಾವು ಬಂದೀತು, ಅಷ್ಟೆ. ಮಳೆಗಾಲದಲ್ಲಿ ಕುತ್ತಿಗೆಯ ಮೇಲೆ ಗೀರೆಳೆದಂತೆ ಏಳುವ ಉರಿಗುಳ್ಳೆಗೆ ಜೇಡ ಹರಿದಾಡಿದ್ದೇ ಕಾರಣ ಎನ್ನುವವರಿದ್ದಾರೆ. ಅದು ಬಹಳಷ್ಟು ಸಲ ದೀಪಕ್ಕೆ ಬರುವ, ಇರುವೆಯಂತೆ ಕಾಣುವ ಕೆಂಪು-ಕಪ್ಪು ಪಟ್ಟೆಯ ಪುಟ್ಟ ಜೀರುಂಡೆಯ ಕೆಲಸ. ಮೈಮೇಲೆ ಅದನ್ನು ಉಜ್ಜಿ ಸಾಯಿಸಿದಾಗ ಅದರ ರಸ ಚರ್ಮವನ್ನು ಸುಡುತ್ತದೆ.

ವಿಷದ ಲೆಕ್ಕ ಬೇರೆ. ಹೊಲಕ್ಕೆ ಬಳಸುವ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಎಣ್ಣೆಗಳು ಹುಳುವಿನ ನರಮಂಡಲವನ್ನು ಹೇಗೆ ಕೆಡಿಸುತ್ತವೆಯೋ ನಾಯಿ, ದನ, ಮನುಷ್ಯರದನ್ನೂ ಹಾಗೆಯೇ ಕೆಡಿಸುತ್ತವೆ. ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಉಸಿರು ಕಟ್ಟುತ್ತದೆ. ಬೆಕ್ಕು ದಿನವಿಡೀ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿ. ನೆಲದ ವಿಷ ಪಾದಕ್ಕೆ, ಪಾದದಿಂದ ಹೊಟ್ಟೆಗೆ ಹೋಗುತ್ತದೆ. ಎಮ್ಮೆ ಗೋಡೆ ನೆಕ್ಕುತ್ತದೆ, ಕೋಳಿ ಸತ್ತ ಹುಳು ಹೆಕ್ಕುತ್ತದೆ. ‘ಸೌಮ್ಯ’ ಎನ್ನಿಸಿಕೊಂಡ ಪರ್ಮೆಥ್ರಿನ್ ಕೂಡ ಬೆಕ್ಕಿಗೆ ಮಾರಕ, ಏಕೆಂದರೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ನಾಯಿಯ ಉಣ್ಣೆಗೆಂದು ತಂದ ಔಷಧಿ ಬೆಕ್ಕಿಗೆ ಹಚ್ಚಿ ಅದು ಸೆಳೆತ ಬಂದು ಸಾಯುವುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಅನಾಹುತ. ಇಷ್ಟು ಮಾಡಿಯೂ ಜೇಡ ಹೋಗುವ ಖಾತ್ರಿಯಿಲ್ಲ. ಅದು ಕಾಲ ತುದಿಯಲ್ಲಿ ನಡೆಯುವುದರಿಂದ ಗೋಡೆಗೆ ಹೊಡೆದ ವಿಷ ಜಿರಲೆಗೆ ತಗಲುವಷ್ಟು ಅದಕ್ಕೆ ತಗಲುವುದಿಲ್ಲ. ಮನೆಯಲ್ಲಿ ಹುಳು ಇರುವತನಕ ಅದನ್ನು ತಿನ್ನಲು ಹೊಸ ಜೇಡ ಬಂದೇ ಬರುತ್ತದೆ. ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಹುಳಹುಪ್ಪಟೆ ತಿನ್ನುತ್ತವೆಂದು 2017ರ ಅಧ್ಯಯನವೊಂದು ಅಂದಾಜಿಸಿದೆ.

ಹಾಗಾದರೆ ಜೇಡ ಕಚ್ಚಿ ಪ್ರಾಣಿ ಸತ್ತದ್ದೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಸತ್ತದ್ದುಂಟು. ಆಸ್ಟ್ರೇಲಿಯಾದಲ್ಲಿ ರೋಮಭರಿತ ದೊಡ್ಡ ಬಿಲಜೇಡಗಳ ಕಡಿತವನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಚ್ಚಿಸಿಕೊಂಡ 7 ನಾಯಿಗಳೂ ಸತ್ತಿದ್ದವು. ಮನುಷ್ಯರಿಗೆ ಮಾತ್ರ ಗಂಭೀರ ತೊಂದರೆಯಾಗಿರಲಿಲ್ಲ. ಅದೇ ಕುಟುಂಬದ ಜೇಡಗಳು ಭಾರತದಲ್ಲೂ ಇವೆ. ಬೆಕ್ಕನ್ನು ತೀವ್ರವಾಗಿ ಬಾಧಿಸಬಲ್ಲ ‘ಕಪ್ಪು ವಿಧವೆ’ ಗುಂಪಿನ ಜೇಡಗಳೂ ದೇಶದಲ್ಲಿ ದಾಖಲಾಗಿವೆ. ಆದರೆ ಇವುಗಳ ನೆಲೆ ಬಿಲ, ಮರದ ಪೊಟರೆ, ಕಲ್ಲಿನಡಿ, ರಾಶಿಯ ಸಂದು. ಪಡಸಾಲೆಯ ಗೋಡೆಗೆ ಹೊಡೆದ ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ರಾಶಿಯನ್ನೇ ತೆರವು ಮಾಡಿದರೆ ಅವುಗಳಿಗೆ ಜಾಗವೇ ಇರುವುದಿಲ್ಲ. ಹೀಗಾಗಿ ಅಪಾಯಕಾರಿ ಜೇಡದ ಮಾತು ಬಂದಾಗಲೂ ಗೆಲ್ಲುವುದು ಕಸಬರಿಗೆಯೇ.

ಅದೇ ಸಂದುಗಳಲ್ಲಿ ಕೂರುವ ಕೆಂಪು ಚೇಳು ನಮ್ಮ ಸೀಮೆಯ ನಿಜವಾದ ಅಪಾಯ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಇದರ ಕುಟುಕಿನಿಂದ ಮಕ್ಕಳ ಹೃದಯ ಸೋಲುವುದನ್ನು ಕಂಡು, ರಕ್ತದೊತ್ತಡದ ಮಾತ್ರೆ ಪ್ರಾಜೋಸಿನ್ ಜೀವ ಉಳಿಸುತ್ತದೆಂದು 1980ರ ದಶಕದಲ್ಲಿ ತೋರಿಸಿದರು. ಅದರ ಜೊತೆಗೆ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಇನ್ನೂ ಬೇಗ ಎಂಬುದು 2011ರಲ್ಲಿ ಪ್ರಕಟವಾದ ಅವರ ಪ್ರಯೋಗದಿಂದ ಖಚಿತವಾಯಿತು. ಆದ್ದರಿಂದ ಮಗುವಿಗೆ ಚೇಳು ಕುಟುಕಿ ಬೆವರು, ವಾಂತಿ, ತಣ್ಣನೆಯ ಕೈಕಾಲು ಕಂಡರೆ ಮಂತ್ರ, ಕಟ್ಟು, ಕೊಯ್ತ ಎನ್ನುತ್ತ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಮುಟ್ಟಬೇಕು. ಪ್ರಾಣಿಗಾದರೆ ಪಶು ಸಂಜೀವಿನಿಯ 1962. ನೋವಿಗೆಂದು ಮನೆಯಲ್ಲಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ.

ಮಾಡಬೇಕಾದ ಕೆಲಸ ಸರಳ, ಆದರೆ ಬಿಡದೆ ಮಾಡಬೇಕಾದದ್ದು. ಕಟ್ಟಿಗೆ, ಕುಳ್ಳು, ಕಲ್ಲಿನ ರಾಶಿ ಗೋಡೆಗೆ ತಾಗದಂತೆ ದೂರ ಇರಲಿ. ಗೋಡೆಯ ಬಿರುಕಿಗೆ ಗಾರೆ ಮೆತ್ತಿ. ನಾಯಿ, ಬೆಕ್ಕು ಮಲಗುವ ಗೋಣಿಯನ್ನು ಆಗಾಗ ಬಿಸಿಲಿಗೆ ಕೊಡವಿ. ಕೆರ ಮೆಟ್ಟುವ ಮುನ್ನ ಝಾಡಿಸಿ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಪುಟ್ಟ ಟಾರ್ಚ್ ರಾತ್ರಿ ಹಿತ್ತಲಿಗೆ ಹಿಡಿದರೆ ಚೇಳು ಹಸಿರಾಗಿ ಹೊಳೆದು ತಾನಾಗಿ ಸಿಕ್ಕಿಬೀಳುತ್ತದೆ. ಹಬ್ಬಕ್ಕೆ ಮನೆ ಸಾರಿಸಿ ಬಲೆ ತೆಗೆಯುವ ಪದ್ಧತಿ ಒಳ್ಳೆಯದೇ. ಜೇಡವಿದ್ದರೆ ಡಬ್ಬಿ ಮುಚ್ಚಿ ಹೊರಗೆ ಬಿಡಿ. ಹೊಲದ ಎಣ್ಣೆಯ ಡಬ್ಬಿಯಂತೂ ಹೊಸ್ತಿಲು ದಾಟಿ ಒಳಗೆ ಬರಲೇಬಾರದು. ನಮ್ಮನ್ನೇ ನಂಬಿದ ಮೂಕಪ್ರಾಣಿಗೆ ಡಬ್ಬಿಯ ಮೇಲಿನ ಎಚ್ಚರಿಕೆ ಓದಲು ಬಾರದು, ಅದನ್ನು ಓದಿ ನಡೆಯಬೇಕಾದವರು ನಾವು.