ಪ್ಯಾರಿಸ್‌ನಿಂದ ಲಂಡನ್‌ಗೆ ವಿಮಾನದಲ್ಲಿ ಬರೀ 20 ನಿಮಿಷವೇ?

ಪ್ಯಾರಿಸ್‌ನಲ್ಲಿ ಬೆಳಿಗ್ಗೆ 10.00ಕ್ಕೆ ಹೊರಡುವ ವಿಮಾನ ಲಂಡನ್‌ಗೆ 10.20ಕ್ಕೆ ಬರುತ್ತದೆ ಎಂದು ಟಿಕೆಟ್‌ನಲ್ಲಿದೆ ಎಂದುಕೊಳ್ಳಿ. ಲಂಡನ್‌ನಿಂದ 10.00ಕ್ಕೆ ಹೊರಟರೆ ಮಾತ್ರ ಪ್ಯಾರಿಸ್ ತಲುಪುವುದು 12.20ಕ್ಕೆ. ಇದನ್ನು ನೋಡಿದವರಿಗೆ ‘ಒಂದು ಕಡೆಗೆ 20 ನಿಮಿಷ, ಇನ್ನೊಂದು ಕಡೆಗೆ ಎರಡು ಗಂಟೆಗೂ ಹೆಚ್ಚು! ಭೂಮಿ ತಿರುಗುವುದರಿಂದಲೇ ಹೀಗೆ’ ಅನ್ನಿಸಬಹುದು. ಇದು ನಿಜವೇ? ಬನ್ನಿ, ಲೆಕ್ಕ ಹಾಕೋಣ.

ದೂರ ಎಷ್ಟು?

ಲಂಡನ್‌ನ ಹೀಥ್ರೂ ಮತ್ತು ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 348 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರಿದರೆ 26 ನಿಮಿಷ ಸಾಕು. ಆದರೆ ಇಷ್ಟು ಕಡಿಮೆ ದೂರದಲ್ಲಿ ವಿಮಾನ ಮೇಲೇರುವುದು, ಕೆಳಗಿಳಿಯುವುದರಲ್ಲೇ ಹೆಚ್ಚಿನ ಸಮಯ ಕಳೆಯುತ್ತದೆ. ಪೂರ್ಣ ವೇಗ ಸಿಗುವುದು ಸ್ವಲ್ಪ ಹೊತ್ತು ಮಾತ್ರ. ರನ್‌ವೇಗೆ ಸಾಗುವ, ಸರದಿಗೆ ಕಾಯುವ ಸಮಯವೂ ಟಿಕೆಟ್‌ನ ಲೆಕ್ಕದಲ್ಲಿ ಸೇರಿರುತ್ತದೆ. ಹಾಗಾಗಿ ಎರಡೂ ಕಡೆಗೆ ಸುಮಾರು 1 ಗಂಟೆ 20 ನಿಮಿಷ ಬೇಕು.

ಭೂಮಿ ತಿರುಗುವುದು ಕಾರಣವಲ್ಲ

ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತದೆ. ವಿಮಾನ ಹಾರುವುದು ಅದೇ ಗಾಳಿಯಲ್ಲಿ. ಯುರೋಪಿನ ಮೇಲೆ ಎತ್ತರದಲ್ಲಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಬೀಸುತ್ತದೆ. ಅದರಿಂದ ಅನುಕೂಲವಾದರೆ ಲಂಡನ್‌ನಿಂದ ಪ್ಯಾರಿಸ್‌ಗೆ ಹೋಗುವವರಿಗೇ, ಅದೂ ಕೆಲವೇ ನಿಮಿಷ.

ಹಾಗಾದರೆ ಗುಟ್ಟೇನು?

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಪ್ಯಾರಿಸ್ ಗಡಿಯಾರ ವರ್ಷವಿಡೀ ಲಂಡನ್‌ಗಿಂತ ಒಂದು ಗಂಟೆ ಮುಂದಿರುತ್ತದೆ. ಇಡೀ ಭಾರತಕ್ಕೆ ಒಂದೇ ಸಮಯ ಇರುವುದರಿಂದ ನಮಗೆ ಇದು ಬೇಗ ಹೊಳೆಯುವುದಿಲ್ಲ.

ನಮ್ಮ ಗಡಿಯಾರದಲ್ಲೇ ನೋಡಿ. ಜುಲೈನಲ್ಲಿ ಪ್ಯಾರಿಸ್‌ನ 10.00 ಎಂದರೆ ನಮ್ಮಲ್ಲಿ ಮಧ್ಯಾಹ್ನ 1.30. ಲಂಡನ್‌ನ 10.20 ಎಂದರೆ ನಮ್ಮಲ್ಲಿ 2.50. ವ್ಯತ್ಯಾಸ 1 ಗಂಟೆ 20 ನಿಮಿಷ! ಇನ್ನೊಂದು ಕಡೆಯಿಂದ: ಲಂಡನ್‌ನ 10.00 ನಮ್ಮ 2.30, ಪ್ಯಾರಿಸ್‌ನ 12.20 ನಮ್ಮ 3.50. ಮತ್ತೆ ಅಷ್ಟೇ.

ಸೂರ್ಯನ ಪ್ರಕಾರ ಎರಡು ಊರುಗಳ ನಡುವೆ ಸುಮಾರು 10 ನಿಮಿಷದ ವ್ಯತ್ಯಾಸ ಮಾತ್ರ. 1940ರವರೆಗೆ ಪ್ಯಾರಿಸ್ ಕೂಡ ಗ್ರೀನ್‌ವಿಚ್ ಸಮಯವನ್ನೇ ಪಾಲಿಸುತ್ತಿತ್ತು. ಆ ವರ್ಷ ಜರ್ಮನ್ ಸೇನೆ ನಗರವನ್ನು ಹಿಡಿದಾಗ ಬರ್ಲಿನ್ ಸಮಯ ಜಾರಿಗೆ ಬಂತು. ಯುದ್ಧ ಮುಗಿದರೂ ಫ್ರಾನ್ಸ್ ಹಳೆಯ ಸಮಯಕ್ಕೆ ಮರಳಲಿಲ್ಲ.

ಇದು ಯಾಕೆ ಮುಖ್ಯ?

ಲಂಡನ್‌ನಿಂದ 10.00ಕ್ಕೆ ಹೊರಟು, 11.20ಕ್ಕೆ ತಲುಪುತ್ತೇವೆಂದು ಪ್ಯಾರಿಸ್‌ನಿಂದ 12.15ರ ರೈಲು ಕಾಯ್ದಿರಿಸಿದರೆ, ವಿಮಾನ ಇಳಿಯುವಷ್ಟರಲ್ಲಿ ರೈಲು ಹೊರಟಿರುತ್ತದೆ. ಇಂತಿಷ್ಟು ಗಂಟೆಗೊಮ್ಮೆ ಮಾತ್ರೆ ನುಂಗಬೇಕಾದವರಿಗೂ ಲೆಕ್ಕ ತಪ್ಪಬಹುದು. ಮೊಬೈಲ್ ಸಾಮಾನ್ಯವಾಗಿ ತಾನಾಗಿ ಸಮಯ ಬದಲಿಸಿಕೊಳ್ಳುತ್ತದೆ. ಕೈಗಡಿಯಾರವನ್ನು ನಾವೇ ತಿರುಗಿಸಬೇಕು.

ಆದ್ದರಿಂದ ಟಿಕೆಟ್‌ನ ಎರಡು ಸಮಯಗಳನ್ನು ಕಳೆಯಬೇಡಿ. ಪ್ರಯಾಣದ ಅವಧಿ ಎಂದು ಬೇರೆಯಾಗಿ ಬರೆದಿರುವುದನ್ನು ನೋಡಿ. ‘20 ನಿಮಿಷದ ವಿಮಾನ’ ಎಂಬ ಸಂದೇಶ ಬಂದರೆ, ಕಳಿಸಿದವರಿಗೆ ಈ ಲೆಕ್ಕವನ್ನು ಕಳಿಸಿ.